‘ದೂರ’ ಅನ್ನುತ್ತಿದ್ದ ಅಂಗೈ

ನಮ್ಮ ಮನೆಯಲ್ಲಿ ಒಂದು ಸನ್ನೆ ಇತ್ತು. ಬಲಗೈಯನ್ನು ಸೊಂಟದ ಎತ್ತರಕ್ಕೆ ತಂದು, ಬೆರಳು ಜೋಡಿಸಿ, ಎದುರಿಗೆ ಬಂದವರಿಗೆ ಅಂಗೈ ತೋರಿಸುವುದು. ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ದೂರ ನಿಲ್ಲು, ನನ್ನನ್ನು ಮುಟ್ಟಬೇಡ ಅಂತ ಅದರ ಅರ್ಥ. ಶಾಲೆ ಬಿಟ್ಟ ಕೂಡಲೇ ಪಾಟಿಚೀಲ ಬೀಸುತ್ತ ಓಡಿಬಂದು ಆಯಿಯ ಸೊಂಟಕ್ಕೆ ಜೋತುಬೀಳುವ ಹುಡುಗಿ ನಾನು. ತಿಂಗಳಿಗೊಮ್ಮೆ, ನಾನಿನ್ನೂ ಹೊಸ್ತಿಲಲ್ಲಿರುವಾಗಲೇ ಆಯಿಯ ಅಂಗೈ ಏಳುತ್ತಿತ್ತು. ಬ್ರೇಕು ಹಾಕಿದ ಸೈಕಲ್ಲಿನ ಹಾಗೆ ಗಕ್ಕನೆ ನಿಂತುಬಿಡುತ್ತಿದ್ದೆ.

ಆಯಿ ಅಂದರೆ ನನ್ನ ತಾಯಿ. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಹಾಲಿನವನು ಬಂದರೆ ಉರ್ದು. ಯಜಮಾನಿಕೆ ಮಾತ್ರ ಒಂದೇ ಭಾಷೆಯಲ್ಲಿ ನಡೆಯುತ್ತಿತ್ತು, ಅದು ಅಜ್ಜಿಯ ಮಡಿಯ ಭಾಷೆ. ಅಜ್ಜಿ ನನ್ನ ತಂದೆಯ ತಾಯಿ. ಮುಟ್ಟಿನ ದಿನಗಳಲ್ಲಿ ಆಯಿ ಪಡಸಾಲೆಯ ಕಿಟಕಿ ಪಕ್ಕದ ಮೂಲೆಯಲ್ಲಿ ಕೂಡಬೇಕು. ಅಲ್ಲಿ ಅವಳಿಗೆ ಬೇರೆ ಚಾಪೆ, ಬೇರೆ ಲೋಟ, ಬೇರೆ ತಾಟು. ಅಜ್ಜಿ ಅನ್ನವನ್ನು ಮೇಲಿಂದಲೇ ತಾಟಿಗೆ ಬೀಳಿಸುತ್ತಿದ್ದಳು. ಒಂದಗಳು ಆಚೀಚೆ ಸಿಡಿದರೂ ಅದನ್ನು ಎತ್ತುವ ಕೆಲಸ ಆಯಿಯದೇ.

ಯಾಕೆ ಅಂತ ಕೇಳಿದರೆ, "ಕಾಗಿ ಮುಟ್ಟೇದ" ಅನ್ನುತ್ತಿದ್ದರು. ಮಕ್ಕಳ ಬಾಯಿ ಮುಚ್ಚಿಸುವ ಮಾತು ಅದು. ಆದರೆ ನಾನು ಮೊದಲೇ ಗುಣದಲ್ಲಿ ಜಗಳಗಂಟಿ. ಕಾಗೆ ನನ್ನ ಆಯಿಯನ್ನು ಮುಟ್ಟುವುದೆಂದರೇನು! ಒಂದು ಮಧ್ಯಾಹ್ನ ಬಟ್ಟೆ ಒಣಹಾಕುವ ಕೋಲು ಹಿಡಿದು ಅಂಗಳದಲ್ಲಿ ನಿಂತು, ಬಂದ ಕಾಗೆಗಳನ್ನೆಲ್ಲ ಓಡಿಸಿದ್ದೆ. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮೂಲೆಯಲ್ಲಿ ಕೂತಿದ್ದ ಆಯಿ ನಗಲಿಲ್ಲ. ಆಗ ನನಗಿದ್ದ ಸಿಟ್ಟು ಇಷ್ಟೇ: ಅಜ್ಜಿ ಜಡೆ ಹೆಣೆದರೆ ಕಣ್ಣು ಮೇಲೆ ಎಳೆದು ಕಟ್ಟಿದ ಹಾಗಾಗುತ್ತಿತ್ತು, ಆಯಿಯ ಕೈಯೇ ಬೇಕಿತ್ತು. ಆ ಕೈ ‘ದೂರ’ ಅನ್ನುತ್ತ ಅಲ್ಲೇ ಇರುತ್ತಿತ್ತು.

ನಾನು ಹೈಸ್ಕೂಲು ಸೇರುವ ಹೊತ್ತಿಗೆ, ಎಂಬತ್ತರ ದಶಕದ ನಡುವಿನಲ್ಲಿ, ನನಗೊಬ್ಬ ಗೆಳತಿ ಸಿಕ್ಕಳು. ಅವಳದು ಕಮಲಾಪುರ. ಓದುವ ಸಲುವಾಗಿ ಖೂಬಾ ಪ್ಲಾಟಿನಲ್ಲಿ, ನಮ್ಮ ಹಿಂದಿನ ಓಣಿಯಲ್ಲಿದ್ದ ಸೋದರಮಾವನ ಮನೆಯಲ್ಲಿ ಇದ್ದಳು. ಒಂದು ಸೋಮವಾರ ಅವಳು ನನ್ನನ್ನು ಶಾಲೆಯ ನೀರಿನ ಟಾಕಿಯ ಹಿಂದೆ ಎಳೆದುಕೊಂಡು ಹೋಗಿ, ಕಣ್ಣರಳಿಸಿ, "ನಾ ದೊಡ್ಡಾಕಿ ಆದೆ" ಅಂದಳು. ಆಮೇಲೆ ಎಲ್ಲ ಬಿಡಿಸಿ ಹೇಳಿದಳು. ಏನು, ಎಲ್ಲಿಂದ, ಹೇಗೆ. ಅಯ್ಯ, ನನಗೆ ತಲೆ ತಿರುಗಿತು! ಕಾಗೆಯ ಕತೆ ಕಟ್ಟಿದವರ ಮೇಲೆ ಮೈಯೆಲ್ಲ ಉರಿಯಿತು. ಆದರೆ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಹಸಿರು ಸೀರೆ ಉಡಿಸಿದ್ದು, ಮಣೆಯ ಮೇಲೆ ಕೂಡಿಸಿ ಆರತಿ ಮಾಡಿದ್ದು, ಓಣಿಯ ಹೆಂಗಸರೆಲ್ಲ ಹಾಡು ಹೇಳಿದ್ದು, ಉಡಿ ತುಂಬಿದ್ದು, ಎಳ್ಳಿನ ಚಿಗಳಿ, ಕೊಬ್ಬರಿ ಬೆಲ್ಲ. ನನ್ನ ಬಾಯಲ್ಲಿ ನೀರೂರಿತು. ನನಗೆ ಯಾವಾಗ ಅಂತ ಒಳಗೊಳಗೇ ಪುಟಿಯತೊಡಗಿದೆ. ನಿಮ್ಮ ಮನೆಯಲ್ಲಿ ಮೂಲೆ ಎಲ್ಲಿದೆ ಅಂತ ಮಾತ್ರ ನಾನು ಕೇಳಲಿಲ್ಲ. ಮೂಲೆ ಇಲ್ಲದ ಮನೆ ಇರುತ್ತದೆ ಅನ್ನುವ ಕಲ್ಪನೆಯೇ ನನಗಿರಲಿಲ್ಲ.

ಆ ಬೇಸಿಗೆಯಲ್ಲಿ ಗೆಳತಿಯ ಅಕ್ಕನ ಮದುವೆ ಬಂತು. ಮದುವೆ ಕಮಲಾಪುರದ ಮನೆಯಲ್ಲೇ. ತಂಗಿಯ ಬಾಯಲ್ಲಿ ನನ್ನ ಸುದ್ದಿ ಕೇಳಿದ್ದ ಮದುಮಗಳು ತನ್ನ ಮದುವೆಯಲ್ಲಿ ಕಳಸ ಹಿಡಿಯಲು ತಂಗಿ ಒಬ್ಬಳು, ನಾನೊಬ್ಬಳು ಬೇಕು ಅಂತ ಹೇಳಿ ಕಳಿಸಿದಳು. ಕಳಸಗಿತ್ತಿ! ರೇಷ್ಮೆ ಲಂಗ, ಕೈತುಂಬ ಹಸಿರು ಬಳೆ, ತಾಮ್ರದ ತಂಬಿಗೆಯಲ್ಲಿ ನೀರು, ವೀಳ್ಯದೆಲೆ, ಮೇಲೊಂದು ತೆಂಗಿನಕಾಯಿ. ಬಾಜಾದ ಹಿಂದೆ ನಡೆದುಹೋಗಿ ಬೀಗರನ್ನು ಎದುರುಗೊಳ್ಳುವುದು. ಊರೆಲ್ಲ ನೋಡುತ್ತದೆ. ಎರಡು ದಿನ ನಾನು ನೆಲದ ಮೇಲೆ ನಡೆಯಲೇ ಇಲ್ಲ, ಹಾರುತ್ತಿದ್ದೆ.

ಅಜ್ಜಿ ಅಡ್ಡ ಬಿದ್ದಳು. "ಅವರು ಬ್ಯಾರೆ, ನಾವು ಬ್ಯಾರೆ. ಅವರ ಮನ್ಯಾಗ ನಾಕು ದಿನ ಇದ್ದು ಏನು ಉಣ್ಣಾಕಿ?"

"ಕಳಸ ಹಿಡೀಲಿಕ್ಕೆ ಹೊಂಟೀನಿ, ಉಣ್ಣಲಿಕ್ಕಲ್ಲ!" ಅಂತ ನಾನು ಕೂಗಿದೆ.

ಆಯಿ ಹೆಚ್ಚು ಮಾತಾಡಲಿಲ್ಲ. "ಹೋಗಲಿ ಬಿಡ್ರಿ ಅತ್ಯಾ, ಹುಡುಗಿ ಇಷ್ಟು ಕುಣೀಲಿಕ್ಕತ್ತದ" ಅಂದಳು. ಕಡೆಗೆ ಅಜ್ಜಿ ಒಪ್ಪಿದ್ದು ಒಂದು ಕರಾರಿನ ಮೇಲೆ. ಅಲ್ಲಿ ಒಲೆಯ ಮೇಲೆ ಬೆಂದದ್ದನ್ನು ಮುಟ್ಟಬಾರದು, ಹಣ್ಣು ಹಾಲಿನಲ್ಲಿ ಇರಬೇಕು. "ಕಮಲಾಪುರದಾಗ ಬಾಳಿಹಣ್ಣಿಗೇನು ಬರ? ಕೆಂಪು ಬಾಳಿಹಣ್ಣು ತಿಂದುಕೊಂಡಿರು." ಆಯಿ ಮದುವೆಯ ದಿನ ಮುಂಜಾನೆ ಬಸ್ಸಿಗೆ ಬರುವುದು, ಸಂಜೆ ಇಬ್ಬರೂ ಕೂಡಿ ಮರಳುವುದು ಅಂತ ತೀರ್ಮಾನವಾಯಿತು.

ಕಮಲಾಪುರದ ಮನೆ ದೊಡ್ಡ ಕಲ್ಲಿನ ಮನೆ. ಬಾಗಿಲ ಎರಡೂ ಬದಿಗೆ ಕಟ್ಟೆ, ರಸ್ತೆಯ ಆಚೆ ಒಂದು ಬೇವಿನ ಮರ, ಮನೆಯ ಮುಂದೆ ಆಗಲೇ ಹಾಕಿದ್ದ ಹಂದರ. ಆ ಮನೆಯನ್ನು ಆಳುತ್ತಿದ್ದವಳು ಗೆಳತಿಯ ಅಜ್ಜಿ. ಆ ಕಡೆಯವರು ಅಜ್ಜಿಯನ್ನು ಅಮ್ಮ ಅನ್ನುತ್ತಾರೆ, ನಾನೂ ಅಮ್ಮ ಅಂದೆ. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗವಿದ್ದ ಬೆಳ್ಳಿಯ ಕರಡಿಗೆ. ಅವಳು ಕೆಮ್ಮಿದರೆ ಅಡುಗೆಮನೆಯಲ್ಲಿ ಸೊಸೆಯಂದಿರು ಒಲೆ ಉರಿ ಜೋರು ಮಾಡುತ್ತಿದ್ದರು.

"ಆಚಾರ್ರ ಮನಿ ಹುಡುಗಿ, ನಮ್ಮಲ್ಲಿ ಉಣ್ತಿಯೇನವ್ವ? ಇಲ್ಲಂದ್ರ ಹಾಲು ಹಣ್ಣು ತರಸ್ತೀನಿ" ಅಂತ ನೇರವಾಗಿ ಕೇಳಿದಳು.

ಒಲೆಯ ಮೇಲೆ ಜೋಳದ ರೊಟ್ಟಿ ಉಬ್ಬುತ್ತಿತ್ತು. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಮ್ಮ ಮನೆಯಲ್ಲಿ ಬೆಳ್ಳುಳ್ಳಿಯ ಹೆಸರೆತ್ತುವ ಹಾಗಿರಲಿಲ್ಲ. ಅಜ್ಜಿಯ ಕರಾರು ಎಲ್ಲಿ ಹೋಯಿತೋ ಯಾರಿಗೆ ಗೊತ್ತು! "ಉಣ್ತೀನ್ರೀ" ಅಂದೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಡ್ಡೆ ಮೊಸರು. ನಾನು ಉಣ್ಣುವುದನ್ನು ಅಮ್ಮ ಎದುರಿಗೆ ಕೂತು ನೋಡಿದಳು. "ಭಲೆ! ಇದು ನಮ್ಮ ಹುಡುಗೀನ" ಅಂತ ಬೆನ್ನಿಗೆ ಗುದ್ದಿದಳು. ಆ ಗುದ್ದಿಗೆ ನಾನು ಪೂರಾ ಅವರ ಮನೆಯವಳಾದೆ.

ಮದುವೆಯ ಹಿಂದಿನ ದಿನವೆಲ್ಲ ನಾನೂ ಗೆಳತಿಯೂ ನೀರು ತುಂಬಿದ ತಂಬಿಗೆ ಹಿಡಿದು ಹಿತ್ತಲಲ್ಲಿ ನಡೆಯುವುದನ್ನು ಕಲಿತೆವು. ನೀರು ತುಳುಕಬಾರದು, ನಡುವೆ ಕಳಸ ಕೆಳಗಿಡಬಾರದು. ಅವಳು ನನ್ನನ್ನು ನಗಿಸುತ್ತಿದ್ದಳು, ನಾನು ಬೈಯುತ್ತಿದ್ದೆ, ನೀರೆಲ್ಲ ಲಂಗದ ಮೇಲೆ. "ನಾಳಿ ಹಿಂಗ ಮಾಡಿದ್ರ ಬೀಗರ ಮುಂದ ಮರ್ಯಾದಿ ಹೋಗ್ತದ ನೋಡ್ರೆ" ಅಂತ ಅವಳ ಅವ್ವ ಒಳಗಿಂದ ಗದರುತ್ತಿದ್ದಳು.

ಮರುದಿನ ಮುಂಜಾನೆ, ಎಲ್ಲರಿಗಿಂತ ಮೊದಲು ಎದ್ದು ಬಚ್ಚಲಿಗೆ ಹೋದೆ. ಲಂಗದ ಮೇಲೆ ಕಲೆ ನೋಡಿದೆ.

ಖರೇ ಹೇಳುತ್ತೇನೆ, ಮೊದಲು ಆದದ್ದು ಖುಷಿ. ಬಂತು! ನನಗೂ ಬಂತು! ನೀರಿನ ಟಾಕಿಯ ಹಿಂದೆ ಕೇಳಿದ್ದು ಒಂದೂ ಸುಳ್ಳಲ್ಲ! ಗೆಳತಿಯನ್ನು ಎಬ್ಬಿಸಿ ಕುಣಿಯಬೇಕು ಅಂತ ಬಾಗಿಲಿಗೆ ಕೈ ಹಾಕಿದವಳಿಗೆ ಮರುಕ್ಷಣ ನಮ್ಮ ಪಡಸಾಲೆಯ ಮೂಲೆ ಕಣ್ಣೆದುರು ಬಂತು. ಚಾಪೆ, ಲೋಟ, ತಾಟು. ಅದರ ಹಿಂದೆಯೇ ಕಳಸ. ಮುಗಿಯಿತು. ಇವತ್ತು ನಾನು ಕಳಸ ಮುಟ್ಟುವ ಹಾಗಿಲ್ಲ. ಯಾರಿಗೂ ಹೇಳದೆ ಇದ್ದುಬಿಡಲೇ ಅಂತ ಒಂದು ಗಳಿಗೆ ಅನಿಸಿತು. ಆದರೆ ಮದುಮಗಳಾದ ಆ ಅಕ್ಕ ನನ್ನನ್ನು ಕೇಳಿ ಕರೆಸಿಕೊಂಡಿದ್ದಳು. ನನ್ನ ಮೈಲಿಗೆಯಿಂದ ಅವಳ ಸಂಸಾರಕ್ಕೆ ಏನಾದರೂ ಆದರೆ? ನಾನು ಬಚ್ಚಲಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಹಳೆಯ ಟವಲು ಮಡಚಿಟ್ಟುಕೊಂಡು, ಬಟ್ಟೆ ಬದಲಿಸಿ, ಮೂಲೆ ಹುಡುಕುತ್ತ ಹೊರಟೆ.

ಆ ಮನೆಯಲ್ಲಿ ಒಂದು ಮೂಲೆಯೂ ಖಾಲಿ ಇರಲಿಲ್ಲ. ಎಲ್ಲ ಕಡೆ ನೆಂಟರು, ಗಂಟುಗಳು, ಮಲಗಿದ ಮಕ್ಕಳು. ಕಡೆಗೆ ಮುಂಬಾಗಿಲ ಹೊರಗಿನ ಕಟ್ಟೆಯ ತುದಿಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತೆ. ಗೆಳತಿ ಹಸಿರು ಬಳೆ ಹಿಡಿದು ಓಡಿಬಂದಳು. ನನ್ನ ಬಲಗೈ ತಾನಾಗಿ ಎದ್ದಿತು. ಸೊಂಟದ ಎತ್ತರ, ಬೆರಳು ಜೋಡಿಸಿ, ಅಂಗೈ ಹೊರಗೆ. ಅವಳು ಗಕ್ಕನೆ ನಿಂತಳು, ಮುಖ ಸಣ್ಣದಾಯಿತು, ಏನೂ ಕೇಳದೆ ಒಳಗೆ ಹೋದಳು. ಆಮೇಲೆ ಅವಳ ಅವ್ವ ಚಹಾ ತಂದಳು. ಅವಳಿಗೂ ಅಂಗೈ ತೋರಿಸಿದೆ.

"ನೀರರೆ ಕುಡೀತಿಯೇನವ್ವ?"

ತಲೆ ಅಲ್ಲಾಡಿಸಿದೆ. ಅವರ ಲೋಟ ನಾನು ಮುಟ್ಟಿದರೆ, ಪಾಪ, ಮದುವೆಯ ಗದ್ದಲದಲ್ಲಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುವವರು ಯಾರು ಅಂತ ನನ್ನ ಲೆಕ್ಕ. ಅವರ ಲೆಕ್ಕ ಬೇರೆಯೇ ಆಗಿತ್ತು. ಒಳಗಿನ ಗುಸುಗುಸು ನನ್ನ ಕಿವಿಗೇ ಬೀಳುತ್ತಿತ್ತು. ಆಚಾರ್ರ ಹುಡುಗಿ ಮದುವೆ ದಿನ ಬಾಗಿಲಲ್ಲಿ ಮಡಿ ಹಿಡಿದು ಕೂತಿದ್ದಾಳಂತೆ. ಯಾರನ್ನೂ ಹತ್ತಿರ ಬಿಡುತ್ತಿಲ್ಲವಂತೆ. "ನಿನ್ನಿ ರೊಟ್ಟಿ ತಿನ್ನೂವಾಗ ಕುಲ ನೆನಪಿರಲಿಲ್ಲೇನು?" ಅಂತ ಯಾವಳೋ ಅಂದಳು.

ಸ್ವಲ್ಪ ಹೊತ್ತಿಗೆ ಕಮಲಾಪುರದ ಅಮ್ಮ ಬಂದು ನನ್ನೆದುರು ನಿಂತಳು. ಸೊಂಟದ ಮೇಲೆ ಕೈ.

"ಏನವಾ, ನಮ್ಮ ಕೈ ನೀರು ನಿನಗ ನಡಿಯೂದಿಲ್ಲೇನು? ನಡೀದಿದ್ರ ನಿನ್ನೀನ ಹೇಳಬೇಕಾಗಿತ್ತು, ನಾ ಏನು ಬಲವಂತ ಮಾಡಿದ್ದಿಲ್ಲ. ಬೀಗರು ಬರೂ ಹೊತ್ತಿನ್ಯಾಗ ಬಾಗಲಾಗ ಕುಂತು ಬಂದವರಿಗೆಲ್ಲ ಕೈ ಅಡ್ಡ ಹಿಡಿಯಾಕತ್ತೀದಿ. ಊರ ಮಂದಿ ಏನಂತಾರ?"

ನನಗೆ ದಿಕ್ಕೇ ತಪ್ಪಿತು. ನಾನು ಇವರನ್ನು ನನ್ನ ಮೈಲಿಗೆಯಿಂದ ಕಾಪಾಡಲು ಹೊರಗೆ ಕೂತರೆ ಇವರಿಗೆ ನಾನು ಸೊಕ್ಕಿನವಳಾಗಿ ಕಂಡೆನೇ? ಅಳು ಕಟ್ಟೆಯೊಡೆದು ಬಂತು.

"ನಿಮ್ಮ ನೀರು ಮೈಲಿಗಿ ಅಲ್ರೀ ಅಮ್ಮಾ! ನಾನs ಮೈಲಿಗಿ ಆಗೀನಿ! ಮುಂಜಾನಿ... ಬಚ್ಚಲದಾಗ... ಮೊದಲನೇ ಸಲ..."

ಅಮ್ಮ ಸೊಂಟದ ಮೇಲಿನ ಕೈ ಇಳಿಸಿದಳು. ಆಮೇಲೆ ಇಡೀ ಹಂದರಕ್ಕೆ ಕೇಳುವ ಹಾಗೆ ನಕ್ಕಳು. ನಕ್ಕವಳೇ ಬಂದು ನನ್ನ ಮಗ್ಗುಲಲ್ಲಿ ಕೂತಳು, ತೊಡೆಗೆ ತೊಡೆ ಹತ್ತಿಸಿ. ನಾನು ಗಾಬರಿಯಾಗಿ ಆಚೆ ಸರಿದೆ. ಅವಳೂ ಸರಿದಳು. ಮತ್ತೆ ಸರಿದೆ. ಅವಳೂ ಸರಿದಳು. ಕಟ್ಟೆ ಮುಗಿದಿತ್ತು, ಇನ್ನು ಸರಿದರೆ ಗಟಾರು.

"ಇನ್ನೆಲ್ಲಿ ಓಡ್ತಿ?" ಅಂದಳು. ಎದೆಯ ಮೇಲಿದ್ದ ಕರಡಿಗೆಯನ್ನು ಎತ್ತಿ ತೋರಿಸಿದಳು. "ಇದು ನೋಡು. ಇದು ಮೈಮ್ಯಾಲ ಇದ್ದಾಕಿಗೆ ಈ ಸೂತಕ ಇಲ್ಲ. ನಾ ಹರೇದಾಕಿ ಇದ್ದಾಗ ಆ ದಿನಾನೂ ಲಿಂಗಪೂಜಿ ಬಿಟ್ಟಾಕಿ ಅಲ್ಲ. ನಮ್ಮವ್ವ ಹಂಗ ಕಲಿಸ್ಯಾಳ."

ನಾನು ಅಳುವಾಗಲೂ ತರ್ಕ ಬಿಡುವವಳಲ್ಲ. "ಆದ್ರ ನನ್ನ ಕೊಳ್ಳಾಗ ಲಿಂಗ ಇಲ್ಲಲ್ರೀ" ಅಂದೆ.

ಅಮ್ಮ ನನ್ನ ಮುಖ ನೋಡಿದಳು. "ಅದೇನು ಕೊಳ್ಳು ನೋಡಿ ಬರ್ತದೇನು? ನಿಮ್ಮ ಮನ್ಯಾಗೂ ಬರ್ತದ, ನಮ್ಮ ಮನ್ಯಾಗೂ ಬರ್ತದ. ಅದು ಬರಲಿಲ್ಲಂದ್ರ ನಾನೂ ಇಲ್ಲ, ನೀನೂ ಇಲ್ಲ, ಒಳಗ ಮದಿಮಗಳಾಗಿ ಕುಂತಾಳಲ್ಲ, ಅಕೀನೂ ಇಲ್ಲ. ಮಕ್ಕಳಾಗೂದು ಬೇಕು, ಇದು ಬ್ಯಾಡಂದ್ರ ಹ್ಯಾಂಗವಾ?"

ಅಷ್ಟರಲ್ಲಿ ಗೆಳತಿಯ ಅವ್ವ ಬಾಗಿಲಿಗೆ ಬಂದಿದ್ದಳು. ದನಿ ತಗ್ಗಿಸಿ, "ಅತ್ತೀ, ನಾವೂ ಆ ದಿನ ದೇವರ ಜಗಲಿ ಮುಟ್ಟೂದಿಲ್ಲಲ್ರೀ. ಕಳಸ ಹ್ಯಾಂಗ ಕೊಡೂದು? ಬೀಗರಿಗೆ ತಿಳದ್ರ?" ಅಂದಳು.

"ಯಾರನ್ನ ನೋಡಿ ಕಲ್ತೀರಿ ಅದನ್ನ? ನಾ ಕಲಿಸಿಲ್ಲ" ಅಂತ ಅಮ್ಮ ತಿರುಗಿದಳು. "ಬೀಗರಿಗೆ ತಿಳೀಲಿ. ತಿಳೀಲಿಲ್ಲಂದ್ರ ನಾನs ಹೇಳ್ತೀನಿ."

ಅವಳು ನನ್ನ ಕೈ ಹಿಡಿದು, ಹೌದು, ಅದೇ ಬಲಗೈ ಹಿಡಿದು, ಒಳಕೋಣೆಗೆ ಕರೆದುಕೊಂಡು ಹೋದಳು. ಸಂದೂಕಿನಿಂದ ಒಗೆದು ಮೆತ್ತಗಾದ ಹಳೆಯ ಸೀರೆ ತೆಗೆದು ಹರಿದು, ಹೇಗೆ ಮಡಚಬೇಕು, ಹೇಗೆ ಕಟ್ಟಬೇಕು ಅಂತ ನಾಚಿಕೆ ಇಲ್ಲದೆ ತೋರಿಸಿದಳು, ರೊಟ್ಟಿ ಬಡಿಯುವುದನ್ನು ತೋರಿಸಿದ ಹಾಗೆ. "ಒಗದ ಅರಬಿ ಬಿಸಿಲಿಗೆ ಹಾಕಬೇಕು ನೋಡು. ಹಾಸಿಗಿ ಕೆಳಗ, ಕೋಣಿ ಸಂದ್ಯಾಗ ಮುಚ್ಚಿಡಬ್ಯಾಡ. ತಂಪಿದ್ದ ಅರಬಿ ಕಟ್ಟಿಕೊಂಡ್ರ ಕಜ್ಜಿ ಆಗ್ತದ." ನಮ್ಮ ಮನೆಯಲ್ಲಿ ಆಯಿಯ ಬಟ್ಟೆ ಬಚ್ಚಲ ಹಿಂದಿನ ಕತ್ತಲೆಯಲ್ಲಿ, ಇನ್ನೊಂದು ಸೀರೆಯ ಅಡಿಯಲ್ಲಿ ಒಣಗುತ್ತಿತ್ತು. ಮಳೆಗಾಲದಲ್ಲಿ ಒಣಗುತ್ತಲೇ ಇರಲಿಲ್ಲ. ಅದು ನೆನಪಾಗಿ ನನಗೆ ಮತ್ತೆ ಸಿಟ್ಟು ಬಂತು, ಆದರೆ ಅಮ್ಮ ನನ್ನ ಬಾಯಿಗೆ ಕೊಬ್ಬರಿ ಬೆಲ್ಲ ತುರುಕಿದಳು. ಬಾಯಿ ತುಂಬಿದ ಮೇಲೆ ಸಿಟ್ಟು ಮಾಡುವುದು ಕಷ್ಟ.

ಗೆಳತಿ ಬಂದು ನನ್ನನ್ನು ಅಪ್ಪಿಕೊಂಡು ಕುಣಿದಳು. "ಹುಚ್ಚ ಖೋಡಿ, ನನಗರೆ ಹೇಳಬಾರ್ದೇನ? ನೀ ನನ್ನ ಮ್ಯಾಲ ಸಿಟ್ಟಾಗೀದಿ ಅಂತ ನಾ ಒಳಗ ಅಳಾಕತ್ತಿದ್ದೆ!" ಇಬ್ಬರೂ ಬಳೆ ತೊಟ್ಟೆವು. ರೇಷ್ಮೆ ಲಂಗ ಉಟ್ಟೆವು. ಅಮ್ಮ ಕಳಸ ಎತ್ತಿ ನನ್ನ ಕೈಗೆ ಕೊಟ್ಟಳು. ಒಂದು ಹನಿ ನೀರೂ ತುಳುಕಲಿಲ್ಲ.

ಸನಾದಿ, ಹಲಗಿ, ಮೇಲೆ ಬೆಂಕಿಯಂಥ ಬಿಸಿಲು. ಬೀಗರು ಹುಮನಾಬಾದ್ ರಸ್ತೆಯ ಕಡೆಯಿಂದ ಲಾರಿಯಲ್ಲಿ ಬಂದಿಳಿದರು. ನಾವು ಕಳಸ ಹಿಡಿದು ಎದುರುಗೊಂಡೆವು. ನನಗೆ ಕಾಲು ನೆಲಕ್ಕೆ ಹತ್ತುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಹಲಗಿಯ ಪೆಟ್ಟು ಹೊಟ್ಟೆಯಲ್ಲೇ ಬೀಳುತ್ತಿತ್ತು. ಬೀಗರ ಕಡೆಯ ಹಿರಿಯ ಹೆಂಗಸೊಬ್ಬಳು ನನ್ನನ್ನು ತೋರಿಸಿ, "ಇದು ಯಾರ ಹುಡುಗಿ?" ಅಂದಳು.

"ನಮ್ಮ ಮೊಮ್ಮಗಳ ಗೆಳತಿ. ಇವತ್ತs ದೊಡ್ಡಾಕಿ ಆಗ್ಯಾಳ. ಶುಭ ದಿನ ನೋಡ್ರಿ!" ಅಂತ ಅಮ್ಮ ಸನಾದಿಯನ್ನೂ ಮೀರಿಸಿ ಕೂಗಿ ಹೇಳಿದಳು.

ಭೂಮಿ ಬಾಯಿಬಿಡಬಾರದೇ ಅನಿಸಿತು! ಒಬ್ಬಳು ಸೆರಗು ಎಳೆದುಕೊಂಡು ಹಿಂದೆ ಸರಿದಳು. ಇನ್ನಿಬ್ಬರು ಮುಖ ಮುಖ ನೋಡಿಕೊಂಡರು. ಆ ಹಿರಿಯ ಹೆಂಗಸು ನನ್ನನ್ನೂ ಕಳಸವನ್ನೂ ಅಮ್ಮನನ್ನೂ ಒಂದು ಸುತ್ತು ನೋಡಿದಳು. ಆಮೇಲೆ ಏನನ್ನಿಸಿತೋ, ತಟ್ಟೆಯಿಂದ ಕುಂಕುಮ ತೆಗೆದು ನನ್ನ ಹಣೆಗೆ ಹಚ್ಚಿ, "ಚಲೋ ಆತು ತಗೊ" ಅಂದಳು. ಹಲಗಿಯವರು ಮತ್ತೆ ಜೋರು ಮಾಡಿದರು.

ಹಂದರದ ಹತ್ತಿರ ಬರುವಾಗ ನೋಡಿದೆ. ರಸ್ತೆಯ ಆಚೆ, ಬೇವಿನ ಮರದ ಕೆಳಗೆ, ಕಲ್ಲಿನ ಮೇಲೆ ಆಯಿ ಒಬ್ಬಳೇ ಕೂತಿದ್ದಳು. ಉಡುಗೊರೆಯ ಸೀರೆಯ ಚೀಲವನ್ನು ತನಗಿಂತ ಒಂದು ಮಾರು ದೂರ ಇಟ್ಟಿದ್ದಳು. ಆ ಕೂತ ರೀತಿ ನನಗೆ ಗೊತ್ತಿಲ್ಲವೇ? ಪಡಸಾಲೆಯ ಮೂಲೆಯಲ್ಲಿ ಆಕೆ ಹಾಗೆಯೇ ಕೂಡುತ್ತಿದ್ದಳು, ಮೈಯೆಲ್ಲ ಮುದುಡಿ, ಗಾಳಿಗೂ ತಾಗಬಾರದು ಅನ್ನುವ ಹಾಗೆ.

ನಾನು ಸಾಲು ಬಿಟ್ಟು ರಸ್ತೆ ದಾಟಿದೆ. ನನ್ನನ್ನು ಕಂಡೊಡನೆ ಆಯಿಯ ಮುಖ ಅರಳಿತು, ಅದರ ಜೊತೆಗೇ ಬಲಗೈ ಎದ್ದಿತು. ದೂರ.

ನಾನು ನಿಲ್ಲಲಿಲ್ಲ. ಕಳಸವನ್ನು ಎಡಗೈಯಲ್ಲಿ ಎದೆಗೆ ಅವುಚಿಕೊಂಡು, ನನ್ನ ಬಲ ಅಂಗೈಯನ್ನು ಆಕೆಯ ಅಂಗೈಗೆ ಒತ್ತಿ ಹಿಡಿದೆ.

"ಹುಚ್ಚಿ! ಕಳಸ ಹಿಡದೀದಿ! ಏನು ಮಾಡಿದಿ!" ಆಯಿ ಕೈ ಕಿತ್ತುಕೊಳ್ಳಲು ನೋಡಿದಳು. ನಾನು ಬೆರಳಿಗೆ ಬೆರಳು ಹೆಣೆದಿದ್ದೆ.

"ಆಯಿ, ನನಗೂ ಬಂದದ. ಇವತ್ತ ಮುಂಜಾನಿ."

"ಮತ್ತ... ಕಳಸ?"

"ಅಮ್ಮಾರs ಕೊಟ್ಟಾರ. ಗೊತ್ತಿದ್ದs ಕೊಟ್ಟಾರ."

ಆಯಿ ಕಳಸ ನೋಡಿದಳು, ಹಣೆಯ ಕುಂಕುಮ ನೋಡಿದಳು, ಹೆಣೆದ ಕೈ ನೋಡಿದಳು. ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲೇ ತನಗೆ ಆಗಿತ್ತಂತೆ. ಮನೆಗೆ ಮರಳಬಹುದಾಗಿತ್ತು. "ನೀ ಕಳಸ ಹಿಡಿಯೂದು ನೋಡಬೇಕಿತ್ತು. ದೂರದಿಂದರೆ ನೋಡೋಣಂತ ಬಂದೆ" ಅಂದಳು. ಆ ಮಾತು ಕೇಳಿ ಹೆಣೆದ ಬೆರಳುಗಳನ್ನು ಇನ್ನಷ್ಟು ಬಿಗಿ ಮಾಡಿದೆ.

ಅಷ್ಟರಲ್ಲಿ ಕಮಲಾಪುರದ ಅಮ್ಮ ರಸ್ತೆಗೇ ಬಂದಿದ್ದಳು. ಒಂದೇ ನೋಟಕ್ಕೆ ಅವಳಿಗೆ ಎಲ್ಲ ತಿಳಿಯಿತು. "ಬರ್ರೀ ತಾಯಿ. ನಿಮ್ಮ ಮಗಳನ್ನ ಒಳಗ ಕರಕೋಬೇಕಾದ್ರ ನನಗ ಮುಂಜಾನಿ ಸಾಕಾಗಿ ಹೋಗ್ಯದ. ನೀವರೆ ಜಲ್ದಿ ಏಳ್ರಿ, ಅಕ್ಕಿಕಾಳು ಬೀಳೂ ಹೊತ್ತಾತು" ಅಂದಳು.

ಆಯಿ ಎದ್ದಳು. ನನ್ನ ಕೈ ಬಿಡಲಿಲ್ಲ. ಹಂದರದಲ್ಲಿ ಹೆಂಗಸರ ನಡುವೆ ಕೂತು ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕಿದಳು. ಪಂಕ್ತಿಯಲ್ಲಿ ಕೂತು ಗೋಧಿ ಹುಗ್ಗಿ ಉಂಡಳು, ಬದನೆಕಾಯಿ ಪಲ್ಯ ಎರಡನೇ ಸಲ ಕೇಳಿ ಹಾಕಿಸಿಕೊಂಡಳು. ಮುಟ್ಟಿನ ದಿನಗಳಲ್ಲಿ ಯಾರೋ ಬಗ್ಗಿ, ಎಲೆಯ ಹತ್ತಿರ ಬಂದು, ಆಯಿಗೆ ಬಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರಳುವ ಬಸ್ಸಿನಲ್ಲಿ ಇಬ್ಬರ ತೊಡೆಯ ಮೇಲೂ ಕೆಂಪು ಬಾಳೆಹಣ್ಣಿನ ಗೊನೆಯ ಚಿಪ್ಪುಗಳು, ಅಮ್ಮ ಕೊಟ್ಟದ್ದು. ಆಯಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ನಾನು ಬಡಬಡಿಸುತ್ತಲೇ ಇದ್ದೆ. ತಾಜಸುಲ್ತಾನಪುರದ ಹತ್ತಿರ ಬರುವಾಗ ನನ್ನ ಮಾತೂ ನಿಂತಿತು. ಮನೆ ಬರುತ್ತಿತ್ತು, ಮನೆಯಲ್ಲಿ ಅಜ್ಜಿ ಇದ್ದಳು, ಪಡಸಾಲೆಯ ಮೂಲೆ ಇತ್ತು. "ಆಯಿ, ನಾಳಿಂದ ನಾನೂ ಅಲ್ಲೇ?" ಅಂತ ಕೇಳಿದೆ. ಆಯಿ ನನ್ನ ತೊಡೆಯಿಂದ ಜಾರುತ್ತಿದ್ದ ಬಾಳೆಹಣ್ಣಿನ ಚಿಪ್ಪನ್ನು ಮೇಲೆ ಎಳೆದಿಟ್ಟಳು.

ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಆಯಿ ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ಹುಡುಗಿ ದೊಡ್ಡಾಕಿ ಆಗ್ಯಾಳ. ನಾನೂ ಹೊರಗಾಗೀನಿ."

"ಅಯ್ಯ ದೇವರ! ಇಬ್ಬರೂ ಅಲ್ಲೇ ಕೂಡ್ರಿ ಹಂಗಾದ್ರ. ಇನ್ನೊಂದು ಚಾಪಿ ತೆಗೀತೀನಿ."

"ಬ್ಯಾಡ್ರಿ" ಅಂದಳು ಆಯಿ. ಅಜ್ಜಿಯ ಎದುರು ಅವಳು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ, ಅವತ್ತೂ ಎತ್ತಲಿಲ್ಲ, ಮೆಲ್ಲಗೇ ಅಂದಳು. "ನಾ ಕೂಡ್ತೀನಿ. ನೀವು ಇರೂತನ ಕೂಡ್ತೀನಿ, ಒಂದು ಮಾತೂ ಆಡೂದಿಲ್ಲ. ಅಕಿ ಕೂಡೂದಿಲ್ಲ. ದೇವರ ಮನಿಗೆ ಹೋಗೂದಿಲ್ಲ, ಅಷ್ಟು ನಿಮ್ಮ ಮಾತು. ಮೂಲಿಗೂ ಹೋಗೂದಿಲ್ಲ, ಇದು ನನ್ನ ಮಾತು."

ಅಷ್ಟು ಹೇಳಿ ಮೂಲೆಗೆ ಹೋಗಿ, ತನ್ನ ಚಾಪೆ ಹಾಸಿಕೊಂಡು ಕೂತಳು. ಅಜ್ಜಿಗೆ ಬೈಯಲು ಎದುರಾಳಿಯೇ ಉಳಿಯಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಗೊಣಗುತ್ತ ಒಳಗೆ ಹೋದಳು.

ಆಮೇಲಿನ ದಿನಗಳು ನೆನೆದರೆ ಈಗಲೂ ನಗು ಬರುತ್ತದೆ. ಆಯಿ ಕೂತಾಗೆಲ್ಲ ನಾನು ಪುಸ್ತಕ ತೆಗೆದುಕೊಂಡು ಅವಳ ಚಾಪೆಯ ಮೇಲೇ ಕೂತು, ಅವಳ ಕಾಲಿಗೆ ಕಾಲು ತಾಗಿಸಿಕೊಂಡೇ ಓದುತ್ತಿದ್ದೆ. "ಮುಟ್ಟಿದ್ಯಲ್ಲ, ಹೋಗು, ನೀರು ಹಾಕ್ಕೊ!" ಅಂತ ಅಜ್ಜಿ ಅರಚುತ್ತಿದ್ದಳು. ನಾನು ಹೋಗಿ ಮೈಗೆ ನೀರು ಹಾಕಿಕೊಂಡು ಬಂದು ಮತ್ತೆ ಅಲ್ಲೇ ಕೂಡುತ್ತಿದ್ದೆ. ಮತ್ತೆ ನೀರು. ಖೂಬಾ ಪ್ಲಾಟಿನ ನಳದಲ್ಲಿ ನೀರು ಬರುವುದೇ ದಿನ ಬಿಟ್ಟು ದಿನ. ಕಡೆಗೆ ಹಂಡೆಯ ತಳ ನೋಡಿ ಅಜ್ಜಿಯೇ ಸೋತಳು. "ಕೂತ್ಕೊ ಹೋಗು ನಿಮ್ಮವ್ವನ ತೊಡಿಮ್ಯಾಲ!" ಅಂದಳು. ಆಯಿ ಆ ಮೂಲೆಯಲ್ಲೇ ನನ್ನ ಜಡೆ ಹೆಣೆದಳು. ಅಜ್ಜಿಗೆ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಲು ನಾನೇ ಬೇಕಾಗಿತ್ತು. ಬಾ ಅಂತ ಕರೆಯುವಾಗ ಯಾವ ದಿನ ಅಂತ ಅವಳು ಕೇಳುವುದನ್ನು ಬಿಟ್ಟಳು. ಆಯಿ ಮಾತ್ರ ಅಜ್ಜಿ ಇರುವವರೆಗೂ, ಕೊಟ್ಟ ಮಾತಿನಂತೆ, ತಿಂಗಳು ತಿಂಗಳು ಆ ಮೂಲೆಯಲ್ಲಿ ಕೂತಳು. ನನಗೆ ಸಿಕ್ಕ ಬಿಡುಗಡೆಗೆ ಅವಳು ತೆತ್ತದ್ದು ಅದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನ್ನ ಮಗಳ ದಿನ ಬಂತು. ಅಜ್ಜಿ ಆಗ ಇರಲಿಲ್ಲ. ಮದುವೆಯಾದ ಮೇಲೂ ನಾನು ಆಯಿಯ ಜೊತೆ ಇದ್ದದ್ದು ಅದೇ ಖೂಬಾ ಪ್ಲಾಟಿನ ಮನೆಯಲ್ಲಿ, ಪಡಸಾಲೆಯ ಆ ಮೂಲೆಯಲ್ಲಿ ಈಗ ಫ್ರಿಜ್ಜು ನಿಂತಿತ್ತು. ಮಗಳಿಗೆ ಎಲ್ಲವನ್ನೂ ಮೊದಲೇ ಹೇಳಿಟ್ಟಿದ್ದೆ. ಅಂಗಡಿಯವನು ಪ್ಯಾಡಿನ ಪೊಟ್ಟಣವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕರಿ ಚೀಲಕ್ಕೆ ಹಾಕಹೋದರೆ, "ಬ್ಯಾಡ್ರಿ, ಹಂಗs ಕೊಡ್ರಿ, ಕಳವಿನ ಮಾಲೇನು?" ಅಂತ ಅವಳೆದುರೇ ಜಗಳ ತೆಗೆದವಳು ನಾನು. ಆದರೂ ಒಂದು ಅಳುಕು ಒಳಗಿತ್ತು. ಅಷ್ಟು ವರ್ಷ ಮೂಲೆಯಲ್ಲಿ ಕೂತ ಆಯಿ ಮೊಮ್ಮಗಳನ್ನು ಹೇಗೆ ನೋಡುತ್ತಾಳೋ ಅಂತ. ಕೇಳುವ ಧೈರ್ಯ ನನಗೆ ಆಗಿರಲಿಲ್ಲ.

ರವಿವಾರ ಮುಂಜಾನೆ ಬಚ್ಚಲಿನ ಬಾಗಿಲು ದಢಾರನೆ ತೆರೆಯಿತು. "ಮಮ್ಮೀ! ಅಜ್ಜೀ! ಆತು! ನನಗೂ ಆತು!" ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತ ಮಗಳು ಅಡುಗೆಮನೆಗೆ ನುಗ್ಗಿದಳು. ಅಲ್ಲಿ ಆಯಿ ಭಕ್ರಿ, ಅಂದರೆ ಜೋಳದ ರೊಟ್ಟಿ, ಬಡಿಯುತ್ತಿದ್ದಳು. ಮೊಮ್ಮಗಳು ಮೈಮೇಲೆ ಬೀಳಲು ಓಡಿಬರುವುದನ್ನು ಕಂಡು ಅವಳ ಬಲಗೈ ಎದ್ದಿತು. ಸೊಂಟದ ಎತ್ತರ, ಬೆರಳು ಜೋಡಿಸಿ, ಅಂಗೈ ಹೊರಗೆ.

ನನ್ನ ಜೀವ ಬಾಯಿಗೆ ಬಂತು.

ಮಗಳಿಗೆ ಆ ಸನ್ನೆ ಗೊತ್ತೇ ಇರಲಿಲ್ಲ. ಅವಳು ಶಾಲೆಯಲ್ಲಿ ಗೆಳತಿಯರ ಜೊತೆ ಮಾಡುವ ಹಾಗೆ ಆ ಅಂಗೈಗೆ ತನ್ನ ಅಂಗೈಯನ್ನು ಫಟ್ಟನೆ ಬಾರಿಸಿದಳು. ಜೋಳದ ಹಿಟ್ಟು ಹಾರಿ ಇಬ್ಬರ ಮೂಗಿಗೂ ಹೋಯಿತು.

"ಅಯ್ಯ ಹುಚ್ಚಿ! ಕೈತುಂಬ ಹಿಟ್ಟದ, ಹೊಸಾ ಫ್ರಾಕಿಗೆ ಹತ್ತೀತು ಅಂತ ಕೈ ಮಾಡಿದ್ರ..." ಅಂತ ಸೀನುತ್ತ ಬೈಯುತ್ತಿದ್ದ ಆಯಿ ನಡುವೆಯೇ ನಿಲ್ಲಿಸಿದಳು. ಇನ್ನೂ ಎತ್ತಿಯೇ ಇದ್ದ ತನ್ನ ಅಂಗೈಯನ್ನು ನೋಡಿಕೊಂಡಳು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ನಾನು ಏನು ನೆನೆದು ಹೆದರಿದೆ ಅಂತ ಅವಳಿಗೆ ಗೊತ್ತಾಯಿತು.

ಆಯಿ ಕೈ ತೊಳೆಯಲಿಲ್ಲ. ಒರೆಸಿಕೊಳ್ಳಲೂ ಇಲ್ಲ. ಹಿಟ್ಟಿನ ಕೈಯಲ್ಲೇ ಮೊಮ್ಮಗಳನ್ನು ಎಳೆದು ಅಪ್ಪಿಕೊಂಡಳು, "ನನ್ನ ಬಂಗಾರ, ನನ್ನ ಬಂಗಾರ" ಅನ್ನುತ್ತ ಬೆನ್ನು ತಟ್ಟಿದಳು. ಹಂಚಿನ ಮೇಲೆ ಭಕ್ರಿ ಸೀದು ಹೊಗೆ ಎದ್ದಿತು, ಯಾರೂ ಅತ್ತ ನೋಡಲಿಲ್ಲ. ಮಗಳ ನೀಲಿ ಫ್ರಾಕಿನ ಬೆನ್ನ ತುಂಬ ಆಯಿಯ ಬಿಳಿ ಅಂಗೈ ಮೂಡಿತ್ತು. ಅದನ್ನು ನಾನು ಅವತ್ತು ಒಗೆಯಲು ಹಾಕಲಿಲ್ಲ.